ಸ್ಯಾಕಿನಲ್ಲಿ ಹೊಲಿದ ಮುಡಿಪು

ನನ್ನ ಮಗಳು ಸುಖವಾಗಿ ಮನೆಗೆ ತಿರುಗಿ ಬಂದ ದಿನವೇ ನನ್ನ ಸಂಕಟ ಶುರುವಾಯಿತು. ಅವಳು ಊರೂರು ಅಲೆಯುತ್ತಿದ್ದಷ್ಟು ದಿನ ಬರೀ ಕಾಳಜಿ ಇತ್ತು. ಬಂದ ಮೇಲೆ ಸಂಶಯ ಹತ್ತಿತು. ಕಾಳಜಿಯಿದ್ದಾಗ ದೇವರ ಮುಂದೆ ಕೂತು ಅಳಬಹುದಿತ್ತು. ಸಂಶಯ ಹತ್ತಿದ ಮೇಲೆ ದೇವರ ಮುಂದೆ ಕೂತರೂ ಕಿವಿ ಮಾತ್ರ ಮಗಳ ಕೋಣೆಯ ಕಡೆಗೇ.

ನಮ್ಮ ಮಂಗಳವಾರದ ಭಜನೆಯಲ್ಲಿ ಮಹಾಗಣಪತಿಯ ಕೃಪೆ ಕಂಡವರು ಎದ್ದು ನಿಂತು ಹೇಳುವ ಪದ್ಧತಿ ಇದೆಯಷ್ಟೆ. ನಾನೂ ಎದ್ದು ನಿಂತೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಕೂತುಬಿಟ್ಟೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಓದುವ ಅಕ್ಕತಂಗಿಯರು ನನ್ನ ಮಗಳನ್ನು ನಿಮ್ಮ ಮಗಳೆಂದೇ ತಿಳಿದು ಓದಬೇಕು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾವು ವಿಜಯಪುರದ ಕಡೆಯವರು. ಮದುವೆಯಾದಾಗಿನಿಂದ ಪುಣೆಯ ಯೆರವಡಾದಲ್ಲೇ ಸಂಸಾರ. ಯಜಮಾನರು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರು. ಒಬ್ಬಳೇ ಮಗಳು ಅಶ್ವಿನಿ, ಖರಾಡಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹೋದ ವರ್ಷ ದೀಪಾವಳಿಗೆ ಸ್ವಲ್ಪ ಮೊದಲು, ನಾನು ಚಕ್ಕುಲಿ ಒತ್ತುತ್ತಿದ್ದಾಗ, ಎದುರಿಗೆ ಬಂದು ಕೂತು, ಕೆಲಸ ಬಿಟ್ಟಿದ್ದೇನೆ, ಬೆನ್ನಿಗೆ ಸ್ಯಾಕು ಹಾಕಿಕೊಂಡು ಹಿಮಾಲಯದ ಕಡೆ ತಿರುಗಾಡಲು ಹೋಗುತ್ತೇನೆ ಎಂದಳು.

"ಯಾರ್ಯಾರು ಹೊಂಟೀರಿ?"

"ನಾ ಒಬ್ಬಾಕಿನ."

"ಒಬ್ಬಾಕಿ ಅಂದ್ರೂ ಜೊತಿಗೆ ಯಾರರ ಇರ್ತಾರಲ್ಲ?"

"ಅವ್ವ, ಒಬ್ಬಾಕಿ ಅಂದ್ರ ಒಬ್ಬಾಕಿ."

ಯಜಮಾನರನ್ನು ಕರೆದೆ. ಅವರು ಬಿಸಿ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ, "ಹೋಗ್ಲಿ ಬಿಡು. ಲಗ್ನ ಆದ ಮ್ಯಾಲೆ ಎಲ್ಲಿ ಹೋಗ್ತಾಳ?" ಎಂದರು.

"ಖರೇ ಅದರಿ," ಎಂದೆ. "ನನ್ನ ಎಲ್ಲಿಗೆ ಕರ್ಕೊಂಡು ಹೋಗೀರಿ ನೀವು?"

ಅವರು ಇನ್ನೊಂದು ಚಕ್ಕುಲಿ ತೆಗೆದುಕೊಂಡು ಹೊರಗೆ ಹೋದರು.

ಅವಳು ಹೋಗುವುದು ಖಾತ್ರಿಯಾದ ಮೇಲೆ ನಾನು ನನ್ನ ಕೈಲಾದದ್ದು ಮಾಡಿದೆ. ನಮ್ಮ ತವರಿನ ಕಡೆ, ಮನೆಯವರು ದೂರ ಹೋಗುವಾಗ ಮುಡಿಪು ಕಟ್ಟುತ್ತಾರೆ. ಅರಿಷಿಣದಲ್ಲಿ ಅದ್ದಿದ ಬಟ್ಟೆ ತುಂಡಿನಲ್ಲಿ ಒಂದು ನಾಣ್ಯ, ಚಿಟಿಕೆ ಅಕ್ಕಿ, ಗಣಪತಿಯ ಹೆಸರಿನಲ್ಲಿ ಒಂದು ಗೋಟು ಅಡಿಕೆ ಇಟ್ಟು, ಹರಕೆ ಹೇಳಿಕೊಂಡು ಗಂಟು ಹಾಕುವುದು. ಹೋದವರು ಕ್ಷೇಮವಾಗಿ ಬಂದ ಮೇಲೆ ದೇವರ ಮುಂದೆ ಬಿಚ್ಚಿ ಒಪ್ಪಿಸುವುದು. ಇದಕ್ಕೆ ಒಂದೇ ಕಟ್ಟಳೆ: ಯಾರ ಕೈ ಗಂಟು ಹಾಕಿತೋ ಅದೇ ಕೈ ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ಹರಕೆ ಮುಟ್ಟುವುದಿಲ್ಲ. ಅಶ್ವಿನಿ ಚಿಕ್ಕವಳಿದ್ದಾಗ ದೇವರ ಮನೆಯಲ್ಲಿಟ್ಟ ಒಂದು ಮುಡಿಪನ್ನು ಆಟಕ್ಕೆಂದು ಬಿಚ್ಚಲು ಹೋಗಿ ನನ್ನಿಂದ ಚೆನ್ನಾಗಿ ಬೈಸಿಕೊಂಡಿದ್ದಳು. ದೊಡ್ಡವಳಾದ ಮೇಲೆ ಇದಕ್ಕೆಲ್ಲ ನಗುತ್ತಿದ್ದಳು. ಅದಕ್ಕೇ ಅವಳಿಗೆ ಹೇಳದೆ, ಸ್ಯಾಕಿಗೆ ಸೊಂಟದ ಮೇಲೆ ಕಟ್ಟುವ ಅಗಲವಾದ ಪಟ್ಟಿ ಇರುತ್ತದಲ್ಲ, ಅದರ ಒಳಮಗ್ಗುಲಲ್ಲಿ ಇಟ್ಟು ಹೊಲಿದುಬಿಟ್ಟೆ. ನೀಲಿ ಸ್ಯಾಕಿಗೆ ನೀಲಿ ದಾರ ಹಾಕಬಹುದಿತ್ತು. ಬೇಕೆಂದೇ ಕೆಂಪು ದಾರ ಹಾಕಿದೆ, ಯಾರಾದರೂ ಬಿಚ್ಚಿದರೆ ನನಗೆ ಗೊತ್ತಾಗಲಿ ಎಂದು.

ಅವಳು ಹೋದಳು. ದಿನಾ ಫೋನು, ದಿನಾ ಫೋಟೋ. ಹಿಮದ ಮುಂದೆ ನಿಂತದ್ದು, ಹೊಳೆಯ ದಂಡೆಯಲ್ಲಿ ಕೂತದ್ದು. ನಾನು ಫೋಟೋ ದೊಡ್ಡದು ಮಾಡಿ ಮೂಲೆಮೂಲೆ ನೋಡುತ್ತಿದ್ದೆ, ಮತ್ತೊಬ್ಬರ ಚಪ್ಪಲಿಯಾದರೂ ಕಾಣುತ್ತದೇನೋ ಎಂದು.

"ಒಬ್ಬಾಕಿನ ಇದ್ದಿ, ಮತ್ತ ಫೋಟೋ ಯಾರು ತಗದ್ರು?"

"ಕಲ್ಲಿನ ಮ್ಯಾಲೆ ಫೋನ್ ಇಟ್ಟು ತಗದೀನವ್ವ."

"ಕಲ್ಲಿಗೆ ಇಷ್ಟು ಛಂದ ಫೋಟೋ ತಗೀಲಿಕ್ಕೆ ಬರ್ತದೇನು?"

ಅವಳು ನಗುತ್ತಿದ್ದಳು. ನಗು ಕೇಳಿದ ಮೇಲೆ ನನಗೆ ಆ ದಿನದ ಅಡಿಗೆ ಮಾಡಲು ಕೈ ಬರುತ್ತಿತ್ತು. ಅದೂ ಒಂದು ಕೃಪೆಯೇ ಎಂದು ಆಗ ತಿಳಿದಿರಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ನಾನು ಒಲೆ ಹಚ್ಚುವುದನ್ನೇ ಮರೆತು ಕೂತಿದ್ದೆ. ಯಜಮಾನರು ಮಾತ್ರ, "ಗುಡ್ಡದಾಗ ಟವರ್ ಇರಂಗಿಲ್ಲ, ಸುಮ್ನ ಕೂಡು," ಎಂದು ಪೇಪರು ಓದುತ್ತಿದ್ದರು. ಮಗಳು ಕಾಣೆಯಾದಾಗ ಪೇಪರು ಓದುವ ಗಂಡಸನ್ನು ನಾನು ಅವತ್ತೇ ಸರಿಯಾಗಿ ವಿಚಾರಿಸಬೇಕಿತ್ತು. ಕೊನೆಗೆ ಬೇರೆ ಯಾವುದೋ ನಂಬರಿನಿಂದ ಅವಳ ದನಿ ಬಂತು: "ಫೋನ್ ಕಳದದವ್ವ, ನಾ ಆರಾಮ ಇದ್ದೀನಿ, ಮನಿಗೆ ಬರಾಕತ್ತೀನಿ."

ಸಂತರ ಪಾಲಖಿ ಪುಣೆ ದಾಟಿ ಪಂಢರಪುರದ ಹಾದಿ ಹಿಡಿದ ಮೇಲೆ, ಆಷಾಢದ ಒಂದು ಮುಂಜಾನೆ, ಬಾಗಿಲಲ್ಲಿ ಬಂದು ನಿಂತಳು. ಅನ್ನ ನಿವಾಳಿಸಿ ಒಳಗೆ ಕರೆದುಕೊಂಡೆ. ಸೊರಗಿದ್ದಳು. ಮೈಮೇಲೆ ಗಂಡಸರ ಒರಟು ಸ್ವೆಟರು, ಅದಕ್ಕೆ ಕಟ್ಟಿಗೆ ಒಲೆಯ ಹೊಗೆಯ ವಾಸನೆ.

"ಯಾರ್ದು ಇದು?"

"ಒಬ್ಬ ಅಜ್ಜಿ ಕೊಟ್ರು."

"ಅಜ್ಜಿ ಗಂಡಸರ ಸ್ವೆಟರ್ ಹಾಕ್ತಾಳೇನು?"

ಅವಳು ಸ್ಯಾಕನ್ನು ತಾನೇ ಎತ್ತಿ ಅಟ್ಟದ ಮೇಲಿಟ್ಟು ಸ್ನಾನಕ್ಕೆ ಹೋದಳು. ಬಚ್ಚಲಲ್ಲಿ ನೀರಿನ ಸಪ್ಪಳ ಶುರುವಾದದ್ದೇ ನಾನು ಸ್ಟೂಲು ಹಾಕಿ ಸ್ಯಾಕು ಇಳಿಸಿದೆ. ಮುಡಿಪು ಬಿಡಿಸಿಕೊಂಡು ರಾಂಜಣಗಾಂವದ ಮಹಾಗಣಪತಿಯ ಗುಡಿಗೆ ಒಯ್ಯಬೇಕಲ್ಲ. ಸೊಂಟದ ಪಟ್ಟಿ ಒತ್ತಿ ನೋಡಿದೆ. ಅಡಿಕೆ ಕೈಗೆ ಹತ್ತಲಿಲ್ಲ. ಒಳಮಗ್ಗುಲು ತಿರುಗಿಸಿದೆ. ಕೆಂಪು ದಾರ ಇಲ್ಲ. ದಾರ ಕಿತ್ತಿದ್ದರೆ ಸೂಜಿಯ ತೂತಾದರೂ ಇರಬೇಕು, ಅದೂ ಇಲ್ಲ. ಬಣ್ಣ ಅದೇ, ಅಳತೆ ಅದೇ. ಆದರೆ ಅದು ನಾನು ಹೊಲಿದ ಸ್ಯಾಕೇ ಅಲ್ಲ.

ಅಕ್ಕತಂಗಿಯರೇ, ನೀವೇ ಹೇಳಿ. ಸ್ಯಾಕು ಕಳೆದಿದ್ದರೆ ಕಳೆಯಿತು ಎನ್ನಬಹುದಿತ್ತು. ಹಾಗೆ ಹೇಳದೆ, ನನಗೆ ಗೊತ್ತಾಗಬಾರದೆಂದು ಅದೇ ಬಣ್ಣದ್ದನ್ನು ಹುಡುಕಿ ತಂದಿದ್ದಾಳೆ. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಮುಚ್ಚಾಟ ಯಾಕೆ? ಯಾರದೋ ಜೊತೆ ಸ್ಯಾಕು ಅದಲುಬದಲಾಯಿತೇ? ಆ ಯಾರೋ ಯಾರು? ಒಬ್ಬಾಕಿ ಎಂದದ್ದೇ ಸುಳ್ಳೇ? ಮೊದಲಿದ್ದಲ್ಲೇ ಇಟ್ಟು, ಸ್ಟೂಲು ಸರಿಸಿ, ಏನೂ ಆಗದವಳ ಹಾಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ.

ಅಲ್ಲಿಂದ ಮುಂದೆ ಕಂಡದ್ದೆಲ್ಲ ಸಂಶಯಕ್ಕೆ ಎಣ್ಣೆ. ಮಾತು ಕಡಿಮೆ. ಪಾತ್ರೆ ಬಿದ್ದ ಸಪ್ಪಳಕ್ಕೆ ಬೆಚ್ಚಿ ಬೀಳುತ್ತಾಳೆ. ಶ್ರಾವಣದಲ್ಲಿ ಸಾತಾರಾದಲ್ಲಿ ಸಂಬಂಧಿಕರ ಮಗುವಿನ ತೊಟ್ಟಿಲ ಕಾರ್ಯಕ್ಕೆ ಮೂವರೂ ಎಸ್‌ಟಿ ಬಸ್ಸಿನಲ್ಲಿ ಹೊರಟೆವು. ಖಂಬಾಟಕಿ ಘಾಟ್ ಹತ್ತುವಾಗ ಅಶ್ವಿನಿಯ ಮುಖ ಬಿಳುಚಿತು. ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು, "ನಾ ಇಳೀತೀನಿ, ಬಸ್ ನಿಂದ್ರಸ್ರಿ," ಎಂದು ಎದ್ದೇಬಿಟ್ಟಳು. ಯಜಮಾನರು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಘಾಟ್ ಮುಗಿಯುವ ತನಕ ಏನೋ ಪಿಸುಗುಡುತ್ತಿದ್ದರು. ತೊಟ್ಟಿಲ ಮನೆಯಲ್ಲೂ ಅವಳು ಒಂದು ತುತ್ತು ತಿನ್ನಲಿಲ್ಲ.

ವಾಪಸು ಬಂದು ಇದನ್ನು ಪಕ್ಕದ ಮನೆಯ ಶೋಭಾತಾಯಿಯ ಹತ್ತಿರ ಹೇಳಿದ್ದು ನನ್ನ ಹುಚ್ಚುತನ. ಮಡಿಕೆ ಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸಿ, "ಘಾಟ್‌ನಾಗ ಎಲ್ಲಾರಿಗೂ ಹೊಟ್ಟಿ ತೊಳಸ್ತದ ವಹಿನಿ," ಎಂದಳು. ಇಪ್ಪತ್ತು ವರ್ಷ ನನ್ನ ನೆರೆಯಲ್ಲಿದ್ದು ಅವಳಿಗೆ ಅರ್ಧ ಕನ್ನಡ ಬರುತ್ತದೆ. "ಖರೆ, ಊಟಾನೂ ಸೇರಂಗಿಲ್ಲ, ಮಾತೂ ಇಲ್ಲ ಅಂದ್ರ... ನಾ ಏನೂ ಅನ್ನಂಗಿಲ್ಲಪ್ಪ. ತಾಯಿ ಕಣ್ಣಿಗೆ ಕಾಣದ್ದು ನನಗೇನು ಕಾಣ್ತದ?"

ಏನೂ ಅನ್ನುವುದಿಲ್ಲ ಎಂದು ಎಲ್ಲವನ್ನೂ ಅಂದಳು. ಅವಳು ಅಂದದ್ದನ್ನು ನಾನು ಆಗಲೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ಇನ್ನೊಂದು ವಿಷಯ. ಪ್ರತಿ ಮಂಗಳವಾರ ಅಶ್ವಿನಿ ಖರಾಡಿಗೆ ಹೋಗುತ್ತಿದ್ದಳು, ಹಳೆಯ ಲ್ಯಾಬಿನಲ್ಲಿ ಮತ್ತೆ ಕೆಲಸ ಕೇಳುವುದಕ್ಕೆಂದು. ಆ ಲ್ಯಾಬಿನಲ್ಲೇ ಇರುವ ಒಬ್ಬ ಹುಡುಗಿ ಭಾಜಿ ಮಂಡಿಯಲ್ಲಿ ಸಿಕ್ಕು, ಅಶ್ವಿನಿ ಹೇಗಿದ್ದಾಳೆ, ಬಂದಮೇಲೆ ಒಮ್ಮೆಯೂ ನಮ್ಮ ಕಡೆ ಹಾಯಲಿಲ್ಲವಲ್ಲ ಎಂದಳು. ಕೈಯಲ್ಲಿದ್ದ ಮೆಂತ್ಯದ ಸಿವುಡು ಕೆಳಗೆ ಬಿತ್ತು. ಮಂಗಳವಾರ ನಾನು ಭಜನೆಗೆ ಬರುವ ದಿನ. ನಾನು ಮನೆಯಲ್ಲಿ ಇರದ ದಿನವನ್ನೇ ಆರಿಸಿಕೊಂಡಿದ್ದಾಳೆ!

ಅವತ್ತು ದೇವರ ಮನೆಯಲ್ಲಿ ಕೂತು ನಾನು ಬೇಡಿಕೊಂಡದ್ದಕ್ಕಿಂತ ಜಗಳ ಮಾಡಿದ್ದೇ ಹೆಚ್ಚು. "ನಿನ್ನ ಹೆಸರಿನ ಅಡಿಕೆ ಕಟ್ಟಿ ಕಳಿಸಿದ್ದೆನಲ್ಲ ತಂದೆ, ನೀನು ಅವಳ ಬೆನ್ನಿಗಿದ್ದಿ. ಕಂಡದ್ದು ನಿನಗೊಬ್ಬನಿಗೇ ಗೊತ್ತು. ನೀನೂ ಅವಳ ಜೊತೆ ಸೇರಿ ನನ್ನಿಂದ ಮುಚ್ಚಿಡುತ್ತೀಯೇನು? ಏನಾಗಿದೆಯೋ ತೋರಿಸು. ಎಂಥದ್ದೇ ಇರಲಿ, ಅವಳನ್ನು ಮನೆಯಿಂದ ಹೊರಗೆ ಹಾಕುವವಳು ನಾನಲ್ಲ. ಆದರೆ ನನ್ನ ಮಗಳು ನನ್ನ ಎದುರು ಕೂತು ಸುಳ್ಳು ಹೇಳುವ ಸಂಸಾರ ನನಗೆ ಬೇಡ." ಇಷ್ಟು ಹೇಳಿ ದೀಪಕ್ಕೆ ಎಣ್ಣೆ ಹಾಕಿ ಎದ್ದೆ.

ಮುಂದಿನ ಮಂಗಳವಾರ ನಾನು ಭಜನೆಗೆ ಬರಲಿಲ್ಲ. ಮೊಣಕಾಲು ಹಿಡಿದಿದೆ ಎಂದು ಹೇಳಿ ಕಳಿಸಿದ್ದೆ, ನಿಮಗೆ ನೆನಪಿರಬಹುದು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಅಶ್ವಿನಿ ಹೊರಟ ಹಿಂದೆಯೇ ತಲೆಯ ಮೇಲೆ ಸೆರಗು ಎಳೆದುಕೊಂಡು ನಾನೂ ಹೊರಟೆ. ದೊಡ್ಡ ರಸ್ತೆಯಲ್ಲಿ ಶಿರೂರಿಗೆ ಹೋಗುವ ಎಸ್‌ಟಿ ಬಸ್ಸು ಬಂತು. ಅವಳು ಮುಂದಿನ ಬಾಗಿಲ ಹತ್ತಿರ ಕೂತಳು. ನಾನು ಹಿಂದೆ, ಫ್ಯಾಕ್ಟರಿಗೆ ಹೋಗುವ ಒಬ್ಬ ದಪ್ಪ ಮನುಷ್ಯನ ಆಸರೆಗೆ ಕೂತೆ. ಅಷ್ಟು ದಪ್ಪ ಮನುಷ್ಯ ಆ ದಿನ ಆ ಸೀಟಿನಲ್ಲಿ ಕೂತದ್ದೂ ದೇವರ ಏರ್ಪಾಡೇ.

ಖರಾಡಿ ಬಂತು, ಅವಳು ಏಳಲಿಲ್ಲ. ವಾಘೋಲಿ ಹೋಯಿತು. ಶಿಕ್ರಾಪುರವೂ ಹೋಯಿತು. ಬಸ್ಸಿನ ತುಂಬ ಕಾರ್ಖಾನೆಯ ಹುಡುಗರು, ಕೊರಳಿಗೆ ಗುರುತಿನ ಪಟ್ಟಿ. ಒಬ್ಬೊಬ್ಬನ ಮುಖವನ್ನೂ ಅಳಿಯನ ಮುಖವೆಂಬಂತೆ ನೋಡಿದೆ. ಯಾರೂ ಹಿಡಿಸಲಿಲ್ಲ. ರಾಂಜಣಗಾಂವದಲ್ಲಿ ಅವಳು ಇಳಿದಳು.

ಇಳಿದವಳು ನೇರ ದೇವಸ್ಥಾನದ ದಾರಿ ಹಿಡಿದಳು. ಗಣಪತಿಯ ವಾರ, ಗಣಪತಿಯ ಊರು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಬೇರೆ. ಹೂವಿನ ಅಂಗಡಿಯಲ್ಲಿ ಅವಳು ಹಾರ ಕೊಂಡಾಗ ನನ್ನ ಎದೆ ಒಡೆಯಿತು: ಗುಡಿಯಲ್ಲಿ ಗುಟ್ಟಾಗಿ ಲಗ್ನ! ಕಂಬದ ಮರೆಯಿಂದ ಕತ್ತು ಚಾಚಿ ನೋಡಿದೆ. ಹಾರ ಒಂದೇ ಇತ್ತು, ಜೊತೆಗೆ ದೂರ್ವೆ, ಒಂದು ತೆಂಗಿನಕಾಯಿ. ಒಂದೇ ಹಾರದಲ್ಲಿ ಯಾರ ಲಗ್ನವೂ ಆಗುವುದಿಲ್ಲ. ಮಹಾಗಣಪತಿಯೇ ನಿನ್ನ ಉಪಕಾರ ಎಂದು ಅಲ್ಲೇ ಕೈ ಮುಗಿದೆ.

ಒಳಗೆ ಅವಳು ದರ್ಶನ ಮುಗಿಸಿ ಹುಂಡಿಯ ಹತ್ತಿರ ಬಂದು ನಿಂತಳು. ಕುರ್ತಾದ ಕಿಸೆಯಿಂದ ಏನನ್ನೋ ತೆಗೆದು, ಮುಷ್ಟಿ ಕಟ್ಟಿ ಹುಂಡಿಯ ಬಾಯಿಯ ತನಕ ಒಯ್ದಳು, ಹಿಂದಕ್ಕೆ ತೆಗೆದುಕೊಂಡಳು. ಮತ್ತೊಮ್ಮೆ ಒಯ್ದಳು, ಮತ್ತೆ ಹಿಂದಕ್ಕೆ. ತೀರ್ಥ ಕೊಡುತ್ತಿದ್ದ ಮುದುಕ ಪೂಜಾರಿ ಅವಳನ್ನು ಗುರುತಿಸಿದವರಂತೆ, "ಕಾಯ ಬಾಳ, ಆಜ ಪಣ ಪರತ?" ಎಂದರು. ಏನು ಮಗಳೇ, ಇವತ್ತೂ ಹಾಗೇ ವಾಪಸು ಒಯ್ಯುತ್ತೀಯಾ ಎಂದು.

ಅಶ್ವಿನಿ ಮರಾಠಿಯಲ್ಲೇ ಹೇಳಿದಳು, ಇದನ್ನು ಕಟ್ಟಿದ್ದು ನಮ್ಮ ಅವ್ವ, ಅವ್ವನೇ ಬಿಚ್ಚಬೇಕು, ಅವ್ವನಿಗೆ ಹೇಳುವ ಧೈರ್ಯ ನನಗಿಲ್ಲ, ಎಂದು.

"ಏನು ಹೇಳಾಕ ಧೈರ್ಯ ಇಲ್ಲ?" ಎಂದು ನಾನು ಕಂಬದ ಮರೆಯಿಂದ ಹೊರಗೆ ಬಂದೆ.

ಅವಳು ಹೌಹಾರಿದಳು. "ಅವ್ವ! ನೀ ಇಲ್ಲೆ? ನಿನ್ನ ಮೊಣಕಾಲು?"

"ಮೊಣಕಾಲಿಗೆ ಬೆಂಕಿ ಹಚ್ಚು. ಕೈಯಾಗ ಏನದ?"

ಮುಷ್ಟಿ ಬಿಚ್ಚಿದಳು. ನನ್ನ ಮುಡಿಪು. ಅರಿಷಿಣ ತೊಳೆದುಹೋಗಿ ಬಟ್ಟೆ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಗಂಟು ಮಾತ್ರ ನಾನು ಹಾಕಿದ ಗಂಟೇ.

ಪ್ರಾಂಗಣದಲ್ಲಿ ಕೂಡಿಸಿ ಕೇಳಿದೆ. ಮೊದಲು ಅತ್ತಳು, ಆಮೇಲೆ ಹೇಳಿದಳು. ತಿಂಗಳುಗಟ್ಟಲೆ ಸೊಂಟಕ್ಕೆ ಏನೋ ಚುಚ್ಚುತ್ತಿತ್ತಂತೆ. ಕೊನೆಗೊಂದು ದಿನ ರೇಗಿ ಪಟ್ಟಿ ತಿರುಗಿಸಿದರೆ ಕೆಂಪು ದಾರ. "ಕೆಂಪು ದಾರ ನೋಡಿದ ಕೂಡ್ಲೆ ಇದು ನಿಂದ ಕೆಲಸ ಅಂತ ಗೊತ್ತಾತವ್ವ. ಬಯ್ಕೋತ ಹೊಲಿಗಿ ಬಿಚ್ಚಿದೆ. ಖರೆ ಗಂಟು ಬಿಚ್ಚಲಿಲ್ಲ. ಒಗೀಲಿಕ್ಕೂ ಮನಸ್ಸು ಬರಲಿಲ್ಲ, ಜಾಕೆಟ್ ಕಿಸೆದಾಗ ಇಟ್ಕೊಂಡೆ."

ಮನೆಗೆ ಮರಳಲು ಹೊರಟ ದಿನ ಗುಡ್ಡದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂತು, ಜಾಕೆಟ್ಟು ಮಡಿಸಿ ತಲೆಗೆ ಇಟ್ಟುಕೊಂಡು ಮಲಗಿದ್ದಾಳೆ. ಮಳೆಗೆ ಮುಂದೆ ರಸ್ತೆ ಕುಸಿದಿತ್ತು. ಅಂಥ ಕಡೆ ಜನರನ್ನು ಇಳಿಸಿ, ಖಾಲಿ ಬಸ್ಸನ್ನು ಮೆಲ್ಲಗೆ ದಾಟಿಸುವುದು ಅಲ್ಲಿಯ ರೂಢಿಯಂತೆ. ಎಲ್ಲರೂ ಇಳಿದಿದ್ದಾರೆ. ಹಿಂದಿನ ಸೀಟಿನ ಮೂಲೆಯಲ್ಲಿ ಮುದುಡಿ ಮಲಗಿದವಳನ್ನು ಯಾರೂ ನೋಡಿಲ್ಲ.

"ಮತ್ತ ಹೆಂಗ ಎಚ್ಚರಾತು?"

ಅವಳು ತನ್ನ ಗಲ್ಲ ಮುಟ್ಟಿಕೊಂಡಳು. "ಇದ ಚುಚ್ಚಿತವ್ವ. ನಿನ್ನ ಅಡಿಕಿ. ಭಾಳ ಜೋರ್ ಚುಚ್ಚಿತು, ಎದ್ದು ಕೂತೆ. ನೋಡಿದ್ರ ಬಸ್‌ನಾಗ ಯಾರೂ ಇಲ್ಲ. ಡ್ರೈವರ್ ಸೆಲ್ಫ್ ಹೊಡ್ಯಾಕತ್ತಾನ. ಒದರಿದೆ, ನಿಂದ್ರಿಸಿದ, ಜಾಕೆಟ್ ಹಿಡ್ಕೊಂಡು ಓಡಿ ಇಳದೆ. ಸ್ಯಾಕು ಒಳಗ ಉಳೀತು. ನಾ ಆ ಕಡೆ ಮುಟ್ಟಿ ತಿರುಗಿ ನೋಡ್ತೀನಿ, ರಸ್ತೆ ಅಂಚು ಬಿಟ್ಟುಬಿಡ್ತು."

ಬಸ್ಸು ಹೊಳೆಗೆ ಹೋಯಿತು. ಡ್ರೈವರು ಬಾಗಿಲಿನಿಂದ ಹಾರಿಕೊಂಡ, ಕೈ ಮುರಿದರೂ ಜೀವ ಉಳಿಯಿತು. ಅದನ್ನು ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹತ್ತಿರದ ಹಳ್ಳಿಯ ಒಬ್ಬ ಮುದುಕಿ ನನ್ನ ಮಗಳನ್ನು ಮನೆಗೆ ಕರೆದೊಯ್ದು, ಜ್ವರ ಬಿಡುವ ತನಕ ಒಲೆಯ ಪಕ್ಕದಲ್ಲಿ ಮಲಗಿಸಿ, ಗಂಡನ ಸ್ವೆಟರು ತೊಡಿಸಿ ಕಳಿಸಿದ್ದಾಳೆ. ಸ್ವೆಟರಿನ ಬಗ್ಗೆ ನಾನು ಏನೇನು ಯೋಚಿಸಿದ್ದೆನೋ ಆ ತಾಯಿ ಕ್ಷಮಿಸಲಿ.

"ಇಷ್ಟೆಲ್ಲ ಆಗಿ ನನಗ ಹೇಳಲಿಲ್ಲ ನೀ?"

"ಹೇಳಿದ್ರ ಮತ್ತ ಹೊಸ್ತಿಲ ದಾಟಗೊಡ್ತಿದ್ದೇನು? ಒಂದು ಹೇಳಿದ್ರ ಹತ್ತು ಕೇಳ್ತಿ. ಅದಕ್ಕ ದಿಲ್ಲಿಯಾಗ ಅದ ಬಣ್ಣದ್ದು ಹುಡುಕಿ ತಗೊಂಡೆ. ಮುಡಿಪು ಸುಮ್ನ ಹುಂಡಿಗೆ ಹಾಕಿ ಮುಗಿಸಬೇಕು ಅಂತ ಬರ್ತೀನಿ. ಕೈ ಬಿಡಂಗಿಲ್ಲ. ನೀ ಬಿಚ್ಚಲಿಲ್ಲಂದ್ರ ಹರಕಿ ಮುಟ್ಟಂಗಿಲ್ಲ ಅಂತ ನೀನ ಹೇಳೀಯಲ್ಲ."

ನಗುತ್ತಾಳೆ, ನಂಬುವುದಿಲ್ಲ, ಕೈ ತಪ್ಪಿ ಹೋದಳು ಎಂದು ಯಾವ ಮಗಳ ಬಗ್ಗೆ ಅಂದುಕೊಂಡಿದ್ದೆನೋ ಅವಳು ನಾನು ಬೈದು ಕಲಿಸಿದ ಕಟ್ಟಳೆಯೊಂದನ್ನು ಮುರಿಯಲಾರದೆ ವಾರವಾರ ಆ ಹುಂಡಿಯ ಮುಂದೆ ನಿಂತಿದ್ದಳು. ತೋರಿಸು ಎಂದು ಗಣಪತಿಯನ್ನು ಕೇಳಿದ್ದೆ. ತೋರಿಸಿದ.

"ನಿಮ್ಮಪ್ಪಗ ಗೊತ್ತದೇನು ಇದು?"

ಅವಳು ಕೈಯಲ್ಲಿದ್ದ ಪ್ರಸಾದದ ದೂರ್ವೆಯನ್ನು ಬಹಳ ಲಕ್ಷ್ಯದಿಂದ ನೋಡತೊಡಗಿದಳು.

ಮಹಾಗಣಪತಿಯ ಮುಂದೆ ಗಂಟು ಬಿಚ್ಚಲು ಕೂತೆ. ನೀರು ಕುಡಿದು ಬಿಗಿದಿತ್ತು, ಉಗುರು ಇಳಿಯಲಿಲ್ಲ. ಪೂಜಾರಿಗಳು ಕತ್ತರಿ ಕೊಡಲು ಬಂದರು, ಬೇಡವೆಂದೆ. ಅಶ್ವಿನಿ ಬಟ್ಟೆಯ ತುದಿ ಗಟ್ಟಿಯಾಗಿ ಹಿಡಿದಳು, ನಾನು ಎಳೆ ಎಳೆಯಾಗಿ ಬಿಡಿಸಿದೆ. ನಾಣ್ಯವೂ ಅಕ್ಕಿಯೂ ಹುಂಡಿಗೆ ಹೋದವು. ಅಡಿಕೆಯನ್ನು ಪೂಜಾರಿಗಳು ದೇವರ ಪಾದಕ್ಕೆ ಮುಟ್ಟಿಸಿ ನನ್ನ ಉಡಿಗೆ ಹಾಕಿದರು. ಅದು ಈಗ ನಮ್ಮ ದೇವರ ಮನೆಯಲ್ಲಿದೆ. ಬಂದವರು ನೋಡಬಹುದು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಏನೇನು ಸಂಶಯಪಟ್ಟಿದ್ದೆನೋ ಎಲ್ಲ ಅವಳಿಗೆ ಹೇಳಿದೆ. ತೊಟ್ಟಿಲ ಮನೆಯ ಮಾತು, ಶೋಭಾತಾಯಿಯ ಮಾತು, ಗುಡಿಯ ಹಾರದ ಮಾತು. ಅವಳು ನಕ್ಕ ನಗುವಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು. ನಕ್ಕು ನಕ್ಕು ನನ್ನ ಭುಜದ ಮೇಲೆ ತಲೆಯಿಟ್ಟು ಯೆರವಡಾ ಬರುವ ತನಕ ನಿದ್ದೆ ಮಾಡಿದಳು. ಬಂದಾಗಿನಿಂದ ಅವಳು ಹಾಗೆ ನಿದ್ದೆ ಮಾಡಿದ್ದು ನಾನು ನೋಡಿರಲಿಲ್ಲ.

ಮನೆಯಲ್ಲಿ ಯಜಮಾನರು ಚಹಾ ಮಾಡಿಟ್ಟಿದ್ದರು. ನಾವು ಚಪ್ಪಲಿ ಬಿಡುವ ಮೊದಲೇ, "ಗುಡಿಯಾಗ ಭಾಳ ಗದ್ದಲ ಇತ್ತೇನು?" ಎಂದರು. ನಾನು ಎಲ್ಲಿಗೆ ಹೋಗಿದ್ದೆ ಎಂದು ಯಾರಿಗೂ ಹೇಳಿ ಹೋಗಿರಲಿಲ್ಲ. ಅವರನ್ನೇ ನೋಡುತ್ತ ನಿಂತೆ. ಅವರು ಪೇಪರು ಎತ್ತಿಕೊಂಡರು. ಹಳ್ಳಿಯ ಆ ಮನೆಯಿಂದ ಮಗಳು ಮೊದಲು ಫೋನು ಮಾಡಿದ್ದು ಅವರಿಗೇ ಎಂದು ಬಾಯಿ ಬಿಡಿಸಲು ನನಗೆ ಅರ್ಧ ಕಪ್ ಚಹಾದ ಹೊತ್ತೂ ಹಿಡಿಯಲಿಲ್ಲ. ನನ್ನ ಸಂಶಯ ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಅದೇ ಯಜಮಾನರು ಈಗ, "ಡ್ರೈವರ್ ಹೆಂಗರೆ ಒಮ್ಮೆ ಹಿಂದ ನೋಡ್ತಿದ್ದ, ಎಬ್ಬಸ್ತಿದ್ದ ಬಿಡು," ಎನ್ನುತ್ತಾರೆ. ನಿಮ್ಮಲ್ಲೂ ಕೆಲವರಿಗೆ ಹಾಗೆನ್ನಿಸಬಹುದು. ಸಂಶಯಪಡುವುದರಲ್ಲಿ ನನ್ನನ್ನು ಮೀರಿಸಿದವರು ಈ ಓಣಿಯಲ್ಲಿಲ್ಲ. ಈ ಅಡಿಕೆಯ ಮೇಲೂ ಸಂಶಯಪಟ್ಟು ನೋಡಿದೆ. ದಿನಾ ಬೆಳಿಗ್ಗೆ ಕೈಯಲ್ಲಿ ಹಿಡಿದು, ಎಲ್ಲ ಕಡೆ ತಿರುಗಿಸಿ ನೋಡಿದೆ. ಒಂದು ಮಗ್ಗುಲಿಗೆ ಮೊನೆಯಿದೆ, ಅಷ್ಟೆ. ಆ ಮೊನೆ ಆ ಹೊತ್ತಿಗೆ, ಆ ಗಲ್ಲದ ಕೆಳಗೆ ಹೇಗೆ ತಿರುಗಿತು ಎಂದು ಕೇಳಿದರೆ ನನಗೆ ಒಂದೇ ಉತ್ತರ ಗೊತ್ತು. ಆ ಉತ್ತರಕ್ಕೆ ನಾನು ಪ್ರತಿ ಮಂಗಳವಾರ ದೂರ್ವೆ ಏರಿಸುತ್ತೇನೆ.

ಅಶ್ವಿನಿ ಲ್ಯಾಬಿಗೆ ಮತ್ತೆ ಹೋಗುತ್ತಿದ್ದಾಳೆ, ಈ ಸಲ ಖರೇ. ಊಟ ಮಾಡುತ್ತಾಳೆ. ಘಾಟ್ ಬಂದರೆ ಇನ್ನೂ ನನ್ನ ಕೈ ಹಿಡಿಯುತ್ತಾಳೆ. ಹಿಡಿಯಲಿ, ಅದಕ್ಕೇ ಅಲ್ಲವೇ ಕೈ ಇರುವುದು. ಮೊನ್ನೆ ನಾನು ಚಕ್ಕುಲಿಯ ಒರಳು ಇಳಿಸಿದ್ದೇ ಎದುರಿಗೆ ಬಂದು ಕೂತಳು.

"ಅವ್ವ, ದೀಪಾವಳಿ ಮುಗದ ಮ್ಯಾಲೆ ಹದಿನೈದು ದಿನ ಸುಟಿ ಹಾಕಬೇಕಂತೀನಿ. ಆ ಅಜ್ಜಿಗೆ ಸ್ವೆಟರ್ ತಿರುಗಿ ಕೊಟ್ಟು ಬರಬೇಕು."

"ಒಬ್ಬಾಕಿನ?"

"ಒಬ್ಬಾಕಿನ."

ಹಿಟ್ಟು ನಾದುವುದು ನಿಲ್ಲಿಸಿ ಅವಳ ಮುಖ ನೋಡಿದೆ. ಎಷ್ಟು ಹೊತ್ತು ನೋಡಿದರೂ ಸುಳ್ಳು ಕಾಣಲಿಲ್ಲ. ಕೈ ತೊಳೆದುಕೊಂಡು ಬಂದು, ಬಟ್ಟೆ ತುಂಡಿಗೆ ಅರಿಷಿಣ ಹಚ್ಚಿ, ಈ ಸಲ ಅವಳ ಎದುರಿಗೇ ಕೂತು ಗಂಟು ಹಾಕಿದೆ. ಡಬ್ಬಿಯಲ್ಲಿದ್ದ ಅಡಿಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು, ಮೊನೆ ಚೂಪಾಗಿರುವುದನ್ನು ಆರಿಸಿದ್ದೇನೆ. ಚುಚ್ಚಲಿ.